ಗಳ ಹಿಡಿಯದ ಕೈ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟಿದೆ. ಆದರೂ ಬೇರೆ ಹೇಗೆ ಶುರು ಮಾಡುವುದೆಂದು ತಿಳಿಯದೆ ಪ್ರೀತಿಯಿಂದಲೇ ಶುರು ಮಾಡಿದ್ದೇನೆ. ನಿನ್ನ ಫೋನು ಆಸ್ಪತ್ರೆಯಲ್ಲೂ ಅಪ್ಪನ ಹತ್ತಿರವೇ ಇರುತ್ತದೆ, ಮನೆಗೆ ಬರೆದರೆ ಅದನ್ನೂ ತರಿಸಿಕೊಂಡು ಒಡೆದು ಓದುತ್ತಾರೆ. ಅದಕ್ಕೇ ಇದನ್ನು ನಿನ್ನ ಹೊಲಿಗೆ ಅಂಗಡಿಗೆ ಕಳಿಸುತ್ತಿದ್ದೇನೆ. ಮಿಷನ್ ನಿಲ್ಲಿಸಿ, ಒಂದು ಕಡೆ ಕೂತು ಓದು.

ಅಪ್ಪನ ಹತ್ತಿರ ತಪ್ಪಾಯ್ತು ಅಂತ ಕೇಳಿಕೋ, ತಂಗಿ ಗುಬ್ಬೀನ ಮನೆಗೆ ತಂದು ಬಿಡು, ಮುಂದಿನ ತಿಂಗಳು ಅವಳಿಗೆ ಸ್ಪರ್ಧೆ ಇದೆ ಅಂತ ಚಿಕ್ಕಮ್ಮನ ಕೈಲಿ ಹೇಳಿ ಕಳಿಸಿದ್ದೀಯ. ತಪ್ಪಾಯ್ತು ಅನ್ನುವುದಿಲ್ಲ. ಗುಬ್ಬಿಯನ್ನೂ ಬಿಡುವುದಿಲ್ಲ. ಒದ್ದೆ ನೆಲದಲ್ಲಿ ಜಾರಿ ಬಿದ್ದೆ ಅಂತ ಅಪ್ಪ ಆಸ್ಪತ್ರೆಯಲ್ಲಿ ಹೇಳಿದರಂತೆ. ಜಾರಿ ಬಿದ್ದವರಿಗೆ ಮುಂಗೈ, ಮೂಗು, ಎದುರಿನ ಹಲ್ಲು ಎಲ್ಲ ಒಟ್ಟಿಗೆ ಮುರಿಯುವುದು ಹೇಗೆ ಎಂದು ಡಾಕ್ಟರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಚಾಂಪಿಯನ್ನಳನ್ನು ತಯಾರು ಮಾಡಿದ ದೊಡ್ಡ ಮನುಷ್ಯರಲ್ಲವೇ, ಹೇಳಿದ್ದೇ ಸರಿ. ಅವರು ಜಾರಲಿಲ್ಲ ಅಮ್ಮ. ನಾನು ಹೊಡೆದೆ.

ಈಜುಕೊಳದ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟಿರುವ ಉದ್ದನೆಯ ಗಳ ನಿನಗೆ ನೆನಪಿರಬಹುದು. ಮುಳುಗುವವರ ಕಡೆ ಚಾಚಿ ಎಳೆದುಕೊಳ್ಳಲು ಇಟ್ಟದ್ದು. ಅಪ್ಪ ಅದನ್ನು ಬೇರೆ ಕೆಲಸಕ್ಕೇ ಹಚ್ಚಿದರು. ಅವರು ಸೀಟಿ ಊದುವ ತನಕ ಯಾರೂ ಅಂಚು ಹಿಡಿದು ಸುಧಾರಿಸಿಕೊಳ್ಳುವ ಹಾಗಿಲ್ಲ, ಹಿಡಿದರೆ ಬೆರಳ ಮೇಲೆ ಗಳ ಬೀಳುತ್ತಿತ್ತು. ಏಟು ತಿಂದು ಅಳದೆ ಇದ್ದರೆ ಮಾತ್ರ ಕುಡಿಯಲು ನೀರು ಕೊಡುತ್ತಿದ್ದರು. ನಾವು ಈಜಿದಷ್ಟು ದೂರ ಅವರೂ ದಡದ ಮೇಲೆ ಗಳ ಹಿಡಿದು ನಡೆಯುತ್ತಿದ್ದರು. ನೀರಿನೊಳಗಿಂದ ಅದರ ನೆರಳು ಕಂಡರೆ ಸಾಕು, ಕೈ ತಾನಾಗಿ ಹಿಂದೆ ಬರುತ್ತಿತ್ತು. ಬೆನ್ನ ಹಿಂದೆ ಮಕ್ಕಳೆಲ್ಲ ಅವರನ್ನು ಗಳದ ಮಾವ ಎನ್ನುತ್ತಿದ್ದರು. ನಾನೂ ಅವರ ಜೊತೆ ಸೇರಿ ಕಿಸಕ್ಕನೆ ನಗುತ್ತಿದ್ದೆ.

ನನ್ನ ಎಡಗೈ ಕಿರುಬೆರಳು ಮುರಿದದ್ದು ರಾಷ್ಟ್ರಮಟ್ಟದ ಸ್ಪರ್ಧೆಯ ಹಿಂದಿನ ವಾರ. ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿದವಳು ನೀನೇ. ಪದಕ ಒಂದು ಬಂದುಬಿಡಲಿ, ಆಮೇಲೆ ಅಪ್ಪ ಮೆತ್ತಗಾಗ್ತಾರೆ ಅಂದೆ. ಪದಕ ಬಂತು. ಬಟರ್‌ಫ್ಲೈ ಈಜಿನಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ, ಆ ದಾಖಲೆ ಇವತ್ತಿಗೂ ನನ್ನ ಹೆಸರಲ್ಲೇ ಇದೆ. ಗೆಲುವಿನ ಗುಟ್ಟೇನು ಎಂದು ಪತ್ರಿಕೆಯವರು ಕೇಳಿದಾಗ ಅಪ್ಪನ ಶಿಸ್ತು ಅಂದೆ. ಅಪ್ಪ ಎಲ್ಲರೆದುರು ಅದೇ ಕೈಯನ್ನು ಹಿಡಿದು ಮೇಲೆತ್ತಿದರು. ನೋವಿಗೆ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಎಂದು ಬರೆದರು ಪುಣ್ಯಾತ್ಮರು.

ಗೆದ್ದಷ್ಟೂ ಏಟು ಜೋರಾಯಿತು. ಭುಜ ಕಳಚಿದರೆ ಸೂಜಿ ಚುಚ್ಚಿಸಿ ಮತ್ತೆ ನೀರಿಗಿಳಿಸಿದರು. ಕೊನೆಗೆ ಬಲಗೈ ತಲೆಯ ಮೇಲೆ ಏಳುವುದೇ ಇಲ್ಲ ಎಂದಾದಾಗ ನನ್ನನ್ನು ಬಿಟ್ಟು ಗುಬ್ಬಿಯನ್ನು ನೀರಿಗೆ ತಳ್ಳಿದರು. ಹತ್ತು ವರ್ಷದ ಮಗು ಅಮ್ಮ, ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ.

ಗುರುವಾರ ಸಂಜೆ ಅವಳನ್ನು ನೋಡಿಕೊಂಡು ಬರೋಣವೆಂದು ಕೊಳಕ್ಕೆ ಹೋದೆ. ಉಸಿರೆಳೆಯದೆ ನೀರಿನಡಿಯಲ್ಲೇ ಆ ತುದಿಯಿಂದ ಈ ತುದಿಗೆ ಬರಬೇಕೆಂದು ಅಪ್ಪ ಹಟ ಹಿಡಿದಿದ್ದರಂತೆ. ನಡುವೆ ಮೇಲೆ ಬಂದದ್ದಕ್ಕೆ ಅಂಚಿಗೆ ಕರೆದು, ಕೂದಲು ಹಿಡಿದು, ತಲೆಯನ್ನು ನೀರಿಗೆ ಅದುಮಿ, ಮತ್ತೆ ಮೊದಲಿನಿಂದ ಅಟ್ಟಿದ್ದರಂತೆ. ಇದನ್ನೆಲ್ಲ ಉಳಿದ ಮಕ್ಕಳು ಆಮೇಲೆ ಹೇಳಿದರು. ನಾನು ಒಳಗೆ ಕಾಲಿಟ್ಟಾಗ ಗುಬ್ಬಿ ಕೊಳದ ನಡುವೆ ಕಾಲು ಮರಗಟ್ಟಿ ನೀರು ಕುಡಿಯುತ್ತಿದ್ದಳು. ಅನ್ಯಾಯದ ಮಾತು ಆಡಲಾರೆ, ಅಪ್ಪ ಅವಳನ್ನು ಉಳಿಸಲೆಂದೇ ಗಳ ಚಾಚಿದರು. ಹಿಡಿ, ಹಿಡ್ಕೋ ಅಂತ ಗಂಟಲು ಹರಿದುಕೊಂಡರು. ಗುಬ್ಬಿ ಗಳ ಕಂಡದ್ದೇ ತಡ, ಎರಡೂ ಕೈಯನ್ನು ಎದೆಗೆ ಎಳೆದುಕೊಂಡಳು. ಅವರು ಇನ್ನೂ ಹತ್ತಿರ ಚಾಚಿದರು, ಇವಳು ಇನ್ನೂ ಕೆಳಗೆ ಹೋದಳು. ಸಾಯುವಾಗಲೂ ಮಗು ಏಟು ತಪ್ಪಿಸಿಕೊಳ್ಳುತ್ತಿತ್ತು.

ಉಟ್ಟ ಬಟ್ಟೆಯಲ್ಲೇ ಹಾರಿದೆ. ಎಳೆದು ತಂದು ನೆಲದ ಮೇಲೆ ಮಲಗಿಸಿ ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ನೀರೂ ವಾಂತಿಯೂ ಒಟ್ಟಿಗೆ ಬಂದವು. ಕಣ್ಣು ಬಿಟ್ಟವಳು ಅತ್ತಳು ಅಂದುಕೊಂಡೆಯಾ? ಇಲ್ಲ. ಗೋಡೆ ಮುಟ್ಟಿಲ್ಲ ಅಪ್ಪ, ಇನ್ನೊಂದ್ಸಲ ಹೋಗ್ತೀನಿ ಅಂದಳು.

ನನ್ನ ಅಂಗಾಲಿನ ಉರಿ ನೆತ್ತಿಗೇರಿತು. ಅಪ್ಪನ ಕೈಯಿಂದ ಗಳ ಕಿತ್ತುಕೊಂಡೆ. ಏಳದ ಕೈಯೂ ಅವತ್ತು ಎದ್ದಿತು. ಮೊದಲು ಮುಂಗೈಗೆ ಹೊಡೆದೆ, ಮೂಳೆ ಮುರಿದದ್ದು ಕೇಳಿಸಿತು. ಆಮೇಲೆ ಮುಖಕ್ಕೆ. ಬಿದ್ದ ಮೇಲೂ ಹೊಡೆದೆ, ಮಂಡಿಗೆ, ಪಕ್ಕೆಗೆ. ಬಿಳಿ ಟೈಲ್ಸಿನ ಮೇಲಿನ ರಕ್ತ ಸೋರಿ ಕೊಳಕ್ಕೆ ಇಳಿಯಿತು. ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಬೇಡ ಅಕ್ಕ ಅಂತ ಗುಬ್ಬಿ ಕಾಲು ಹಿಡಿದುಕೊಳ್ಳದಿದ್ದರೆ ನಿನಗೆ ಇವತ್ತು ಆಸ್ಪತ್ರೆಗೆ ಗಂಜಿ ಹೊರುವ ಕೆಲಸವೇ ಇರುತ್ತಿರಲಿಲ್ಲ. ನಿಜ ಹೇಳಲೇ, ಹೊಡೆಯುವಾಗ ಹಿತವಾಗಿತ್ತು.

ಗುಬ್ಬಿಯ ಚಿಂತೆ ನಿನಗೆ ಬೇಡ. ನನ್ನ ಬಾಡಿಗೆ ಕೋಣೆ ಚಿಕ್ಕದಾದರೂ ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತದೆ. ಹೊಟ್ಟೆ ತುಂಬ ತಿನ್ನುತ್ತಾಳೆ, ನಗುನಗುತ್ತಾ ಇದ್ದಾಳೆ, ಈಜಿನ ಮಾತೇ ಎತ್ತುವುದಿಲ್ಲ. ಅವಳ ಮೈಮೇಲೆ ಇನ್ನು ಯಾರ ಕೈಯೂ ಬೀಳಲು ಬಿಡುವುದಿಲ್ಲ. ಅವಳನ್ನು ಕೇಳಿಕೊಂಡು ಅಪ್ಪನಾಗಲಿ, ಅಪ್ಪನ ಪರವಾಗಿ ನೀನಾಗಲಿ ಈ ಬಾಗಿಲಿಗೆ ಬರಬೇಡಿ.

ನಿನ್ನ ಹಟಮಾರಿ,
ದೊಡ್ಡ ಮಗಳು

ವಿ.ಸೂ.: ಅಂಟಿಸಿದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಗುಬ್ಬಿ ನಗುನಗುತ್ತಾ ಇಲ್ಲ. ಅಪ್ಪನ ಹತ್ತಿರ ಹೋಗ್ತೀನಿ, ನಿನ್ನ ದಾಖಲೆ ಮುರೀತೀನಿ ಅಂತ ಬಂದ ದಿನದಿಂದ ಬಾಗಿಲು ಬಡಿಯುತ್ತಿದ್ದಾಳೆ. ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತೇನೆ. ಇವತ್ತು ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ನನ್ನನ್ನು ತಳ್ಳಿಕೊಂಡು ಹೊರಟಳು. ಬೆಲ್ಟು ಕೈಗೆ ಸಿಕ್ಕಿತು. ಬಾಸುಂಡೆ ಎದ್ದಿದೆ. ಅವಳು ಅಳಲಿಲ್ಲ, ಈಗ ನೀರು ಕುಡಿಯಬಹುದಾ ಅಂತ ಕೇಳಿದಳು. ಬರಬೇಡ ಅಂದದ್ದನ್ನು ಮರೆತುಬಿಡು, ಇದು ಕೈಗೆ ಸಿಕ್ಕ ಕೂಡಲೇ ಹೊರಟು ಬಾ. ಇವಳನ್ನು ಅಲ್ಲಿಗೂ ಕರೆದುಕೊಂಡು ಹೋಗಬೇಡ ಅಮ್ಮ, ಇಲ್ಲೂ ಬಿಡಬೇಡ.