ಅಂಗಿಯ ಗುಂಡಿ

ಪ್ರೀತಿಯ ಅಕ್ಕನಿಗೆ,

ಇದು ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ, ನಗಬೇಡ.

ಹೋದ ವರ್ಷ ನನ್ನ ಅಂಗವಿಕಲರ ಪಿಂಚಣಿ ಅರ್ಜಿ ತಿರಸ್ಕಾರವಾದಾಗ, ಯಾವುದೋ ಕಾಗದ ಕಡಿಮೆ ಬಿತ್ತು ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು. ಸರ್ಟಿಫಿಕೇಟಿಗಾಗಿ ತಪಾಸಣೆಗೆ ಹೋದ ದಿನ, ಪಾರ್ಶ್ವವಾಯು ಹೊಡೆದ ನನ್ನ ಬಲಗೈ ನೋಡಿ ಡಾಕ್ಟರು, "ಈ ಕೈಯಲ್ಲಿ ಅಂಗಿ ಗುಂಡಿ ಹಾಕಿ ತೋರಿಸಿ" ಅಂದರು. ಮೂವತ್ತು ವರ್ಷ ಟೈಲರ್ ಆಗಿದ್ದವನು ನಾನು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಹಲ್ಲು ಕಚ್ಚಿ, ಬೆವರು ಸುರಿಸಿ ಒಂದು ಗುಂಡಿ ಹಾಕಿಯೇಬಿಟ್ಟೆ. "ಪರವಾಗಿಲ್ವಲ್ಲ!" ಅಂದರು. ನಾನು ಬೀಗಿದೆ. ಸರ್ಟಿಫಿಕೇಟಿನಲ್ಲಿ ವೈಕಲ್ಯ ಕಡಿಮೆ ಅಂತ ಬಂತು.

ನೀನು ಬೈದು ಬೈದು ಮತ್ತೆ ಅರ್ಜಿ ಹಾಕಿಸಿದೆ. ಈ ಸಲವೂ ಅದೇ ಡಾಕ್ಟರು, ಅದೇ ಮಾತು. "ದಿನಾ ನನ್ನ ಹೆಂಡ್ತಿ ಹಾಕ್ತಾಳೆ ಸಾರ್. ನನ್ನ ಕೈಲಿ ಆಗಲ್ಲ" ಅಂದೆ. ಅವರು ಪೆನ್ನು ಕೆಳಗಿಟ್ಟು, "ಇದನ್ನ ಹೋದ ಸಲವೇ ಹೇಳಬಾರದಿತ್ತಾ ಯಜಮಾನ್ರೇ?" ಅಂದರು.

ಪಿಂಚಣಿ ಮಂಜೂರಾಗಿದೆ ಅಕ್ಕ. ಬಸ್ ಪಾಸೂ ಬಂದಿದೆ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ, ಈ ಭಾನುವಾರ ನಾನೊಬ್ಬನೇ ನಿನ್ನ ಮನೆಗೆ ಬರುತ್ತೇನೆ. ಹತ್ತು ಗಂಟೆಗೆ ಸ್ಟಾಪಿಗೆ ಬಂದಿರು. ಬಸ್ಸಿನ ಮೆಟ್ಟಿಲು ಎತ್ತರ. ಇಳಿಯುವಾಗ ನನ್ನ ಕೈ ಹಿಡಿದುಕೋ. ನಾನು ರೇಗುವುದಿಲ್ಲ.

ನಿನ್ನ ಹಟಮಾರಿ ತಮ್ಮ