ಉಸ್ಸಪ್ಪಾ ದಾರಿಗೆ ನೂರನೆಯ ಸಹಿ

ಪಾರ್ಕಿನ ಗೇಟು ಮನೆ,
ಒಂಬತ್ತನೇ ತಾರೀಕು, ಭಾನುವಾರ ಸಂಜೆ.

ಬಂದರು ಕಟ್ಟೆಯ ಮೇಲೆ ಎಂಬತ್ತು ಅಡಿ ಎತ್ತರದ ಕ್ರೇನಿನ ಗಾಜಿನ ಗೂಡಿನಲ್ಲಿ ವಿರಾಜಮಾನರಾಗಿ, ಬೆರಳ ತುದಿಯಿಂದಲೇ ಹಡಗುಗಳ ಹೊಟ್ಟೆ ಖಾಲಿ ಮಾಡಿಸುವ, ಬಿರುಗಾಳಿಗೂ ಮೇಸ್ತ್ರಿಗೂ ಅಂಜದ, ತಮ್ಮನ ಕಿವಿ ಹಿಂಡುವ ವಿದ್ಯೆಯಲ್ಲಿ ಸರಿಸಾಟಿಯಿಲ್ಲದ ಮಹಾರಾಜಶ್ರೀ ಅಕ್ಕಯ್ಯನವರ ಗ್ರೀಸು ಮೆತ್ತಿದ ಪಾದಾರವಿಂದಗಳಿಗೆ, ಈ ಬೆಟ್ಟದ ಪಾರ್ಕಿನ ಮೂರು ದಾರಿ, ಹದಿನಾಲ್ಕು ಬಾಡಿಗೆ ಸೈಕಲ್ಲು ಮತ್ತು ಒಂದು ಪಂಕ್ಚರ್ ಪೆಟ್ಟಿಗೆಯ ಏಕಮಾತ್ರ ಒಡೆಯನಾದ ತಮ್ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಪ್ರೀತಿಯ ಅಕ್ಕಾ, ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ಅಷ್ಟು ಮೇಲೆ ಕೂತಾಗ ಹಸಿವಾದರೆ ಏನು ಮಾಡುತ್ತೀಯ, ಇಳಿದು ಬರುವಷ್ಟರಲ್ಲಿ ತಿಂದದ್ದೂ ಕರಗಿಹೋಗುವುದಿಲ್ಲವೇ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ನೀನು "ಹೂಂ ಕಣೋ, ಚೆನ್ನಾಗಿದೀನಿ, ಶಿಫ್ಟಿಗೆ ಹೊತ್ತಾಯ್ತು, ಇಡ್ಲಾ?" ಎನ್ನುತ್ತೀಯ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟೂ ಬಿಡುತ್ತೀಯ. ಕಾಗದಕ್ಕೆ ಆ ಸೌಲಭ್ಯವಿಲ್ಲ. ಓದು, ಅನುಭವಿಸು.

ಅಪ್ಪ ಚೆನ್ನಾಗಿದ್ದಾರೆ, ಮಂಡಿಗಳನ್ನು ಬಿಟ್ಟು. ಎರಡು ತಿಂಗಳಿಂದ ಕೆಳಗಿನ ಸುತ್ತುದಾರಿಯನ್ನೂ ಹತ್ತಿಲ್ಲ. ಗೇಟಿನ ಬೆಂಚಿನ ಮೇಲೆ ಕೂತು, ಯಾರೂ ಮುಟ್ಟದ ಗುದ್ದಲಿಗಳಿಗೆಲ್ಲ ಎಣ್ಣೆ ಹಚ್ಚುತ್ತಾರೆ. ದಿನಕ್ಕೆ ಎರಡೇ ಮಾತು. ಬೆಳಗ್ಗೆ "ಗಾಳಿ ಹಾಕಿದ್ಯಾ?" ಸಂಜೆ "ಬೀಗ ಹಾಕಿದ್ಯಾ?" ನಡುವೆ ನಾನೇ ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸುತ್ತೇನೆ. ಒಂದು ವಿಷಯ ಹೇಳಲೇ? ಮಧ್ಯಾಹ್ನದ ಬಸ್ಸು ಗೇಟಿನ ಮುಂದೆ ಬ್ರೇಕು ಹಾಕಿದರೆ ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ. ಬಸ್ಸು ಹೊರಟ ಮೇಲೆ ಬಿಚ್ಚಿಕೊಳ್ಳುತ್ತಾರೆ. ನಾನು ನೋಡಿಲ್ಲ ಎಂದುಕೊಂಡಿದ್ದಾರೆ, ನೀನೂ ಗೊತ್ತಿಲ್ಲದವಳಂತೆಯೇ ಇರು.

ಇನ್ನು ರಾಜ್ಯದ ಸಮಾಚಾರ. ಸುತ್ತುದಾರಿಯಲ್ಲಿ ತಳ್ಳುಗಾಡಿಯ ಮಕ್ಕಳು, ಊರುಗೋಲಿನ ಅಜ್ಜಂದಿರು, ಎಲ್ಲ ಎಂದಿನಂತೆ. ಸೈಕಲ್ ದಾರಿಯ ಏಳನೇ ತಿರುವಿನಲ್ಲಿ ಜನ ಎಂದಿನಂತೆ ಬೀಳುತ್ತಿದ್ದಾರೆ, ಬಿದ್ದವರೆಲ್ಲ ಎಂದಿನಂತೆ ಬ್ರೇಕನ್ನು ಬೈಯುತ್ತಾರೆ. ನಿನ್ನ ಹಸಿರು ಸೈಕಲ್ಲನ್ನೂ ಬಾಡಿಗೆಗೆ ಬಿಟ್ಟಿದ್ದೇನೆ. ಪ್ರತಿ ಶನಿವಾರ ಒಬ್ಬ ದಡೂತಿ ದಂತವೈದ್ಯರು ಅದನ್ನೇರಿ ಹೋಗುತ್ತಾರೆ. ಏರುದಾರಿಯಲ್ಲಿ ಅದು ಮಾಡುವ ಆರ್ತನಾದ ಗೇಟಿನವರೆಗೂ ಕೇಳಿಸುತ್ತದೆ. ನಿನಗೆ ಹೊಟ್ಟೆ ಉರಿದರೆ ಉರಿಯಲಿ.

ದುಃಖದ ಸುದ್ದಿ ಮೇಲಿನ ದಾರಿಯದು. ಅಮ್ಮ ತೀರಿಕೊಂಡ ವರ್ಷ, ಮನೆಯೊಳಗೆ ಕೂತು ಏನು ಮಾಡಬೇಕೆಂದು ತೋಚದೆ ನಾವು ಮೂವರೂ ಸೇರಿ ಕಡಿದ ದಾರಿ. ತುದಿಯ ಬಂಡೆ ತಲುಪಿದವರೆಲ್ಲ "ಉಸ್ಸಪ್ಪಾ" ಎಂದು ಕೂರುವುದರಿಂದ ನೀನೇ ಇಟ್ಟ ಹೆಸರು. ಮಳೆನೀರು ಪಕ್ಕಕ್ಕೆ ಹರಿದುಹೋಗಲೆಂದು ದಾರಿಗೆ ಓರೆಯಾಗಿ ಹೂತ ನಲವತ್ತೊಂದು ದಿಮ್ಮಿಗಳೂ ಕದಲಿಲ್ಲ. "ನೀರಿಗೆ ದಾರಿ ಬಿಡು, ಇಲ್ದಿದ್ರೆ ಅದು ನಮ್ಮ ದಾರೀನೇ ತಗೊಂಡ್ಹೋಗತ್ತೆ" ಎಂದು ನನ್ನ ತಲೆಗೆ ಮೊಟಕುತ್ತಿದ್ದೆಯಲ್ಲ, ಒಂದೊಂದು ಮಳೆ ನಿಂತ ಮೇಲೂ ಹೋಗಿ ಕೆಸರು ಕೆದಕಿ ಬರುತ್ತೇನೆ.

ಆದರೆ ಹೋದ ತಿಂಗಳ ಗಾಳಿಗೆ ಇಪ್ಪತ್ತಾರನೇ ದಿಮ್ಮಿಯ ಬಳಿ ದೊಡ್ಡ ಮರವೊಂದು ದಾರಿಗೆ ಅಡ್ಡ ಬಿತ್ತು, ನನ್ನ ಸೊಂಟದೆತ್ತರಕ್ಕೆ. ನಾನು ಎರಡು ಹಿಡಿಯ ದೊಡ್ಡ ಗರಗಸ ಹೊತ್ತು ಪರಾಕ್ರಮ ತೋರಿಸಲು ಹೋದೆ. ಒಬ್ಬನೇ ಎಳೆದರೆ ಅದು ಹೊರಚಾಚಿದ ನಾಯಿಯ ನಾಲಿಗೆಯಂತೆ ಬಳುಕುತ್ತದೆಯೇ ಹೊರತು ಕೊಯ್ಯುವುದಿಲ್ಲ. ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಈ ಕಡೆಯಿಂದ ಒಂದು ಸಲ ಎಳೆದೆ, ಮರ ಹಾರಿ ಓಡಿಹೋಗಿ ಆ ಕಡೆಯಿಂದ ಒಂದು ಸಲ ಎಳೆದೆ. ಅರ್ಧ ಗಂಟೆ ಹೀಗೆ ನನಗೆ ನಾನೇ ಜೊತೆಗಾರನಾದೆ. ಕೊಯ್ದದ್ದು ಎರಡು ಬೆರಳಗಲ. ಒಂದು ಅಳಿಲು ಮೊದಲಿಂದ ಕೊನೆಯವರೆಗೂ ಕೂತು ನೋಡಿತು. ನೀನಿದ್ದಿದ್ದರೆ "ಎಳಿ ಅಂದ್ರೆ ತಳ್ತೀಯಲ್ಲೋ ಕಪಿ" ಎಂದು ಬೈದುಕೊಂಡೇ ಬೆಳಗ್ಗೆ ಹನ್ನೊಂದಾಗುವುದರೊಳಗೆ ಎರಡು ತುಂಡು ಮಾಡಿರುತ್ತಿದ್ದೆ.

ಸೋತವನು ಸುಮ್ಮನಿರಲಿಲ್ಲ. "ಮರರಾಯರ ಆಸ್ಥಾನ. ಸರ್ವರೂ ತಲೆಬಾಗಿ ನುಸುಳತಕ್ಕದ್ದು" ಎಂದು ಹಲಗೆ ಬರೆದು ತೂಗುಹಾಕಿದೆ. ಜನ ನಗುತ್ತಾ ನುಸುಳಿದರು. ಮೊದಲು ಸಿಕ್ಕಿಬಿದ್ದವರು ನಮ್ಮ ಮೇಲ್ವಿಚಾರಕರು. ಬಗ್ಗಿದ ಸೊಂಟ ನೇರವಾಗದೆ ಅಲ್ಲಿಂದಲೇ ಕೂಗಿದರು: "ಏನಯ್ಯಾ ಕಪಿ, ಮೂವತ್ತು ವರ್ಷ ಸರ್ವೀಸಲ್ಲಿ ಯಾರಿಗೂ ಬಗ್ಗದೋನನ್ನ ಮರಕ್ಕೆ ಬಗ್ಗಿಸಿಬಿಟ್ಟೆಯಲ್ಲೋ!"

ಅದರ ಫಲವೋ ಏನೋ, ಕಚೇರಿಯಿಂದ ಆಜ್ಞೆ ಬಂದಿದೆ. ಕಲಮು ಒಂದು: ಬಂಡೆಯ ಮೇಲಿನ ತಗಡಿನ ಪೆಟ್ಟಿಗೆಯ ಪುಸ್ತಕದಲ್ಲಿ ಈ ತಿಂಗಳ ಕೊನೆಯೊಳಗೆ ನೂರು ಸಹಿ ಆಗದಿದ್ದರೆ ಮೇಲಿನ ದಾರಿಗೆ ಬೇಲಿ ಹಾಕತಕ್ಕದ್ದು. ಕಲಮು ಎರಡು: ಪಾರ್ಕಿನೊಳಗೆ ವಾಸಿಸುವವರ ಸಹಿ ಲೆಕ್ಕಕ್ಕಿಲ್ಲ. ಕಲಮು ಮೂರು: ಎರಡು ವರ್ಷ ಹೊರಗೇ ಉಳಿದ ಮನೆಮಂದಿಯನ್ನು ಸಂದರ್ಶಕರೆಂದು ಪರಿಗಣಿಸತಕ್ಕದ್ದು.

ತೊಂಬತ್ತೊಂಬತ್ತು ಆಗಿದೆ ಅಕ್ಕಾ. ಪ್ರತಿ ಭಾನುವಾರ ಪೆನ್ಸಿಲ್ ಚೂಪು ಮಾಡಲು ಹತ್ತಿದಾಗ ಕೂತು ಓದುತ್ತೇನೆ. ಜಗಳವಾಡಿಕೊಂಡು ಹತ್ತಿದ ಗಂಡ ಹೆಂಡತಿ ಬೇರೆ ಬೇರೆ ಪುಟಗಳಲ್ಲಿ ಸಹಿ ಮಾಡಿದ್ದಾರೆ. ಒಬ್ಬರು ಸಹಿಯ ಮುಂದೆ "ಇನ್ನು ಜನ್ಮದಲ್ಲಿ ಬರೋದಿಲ್ಲ" ಎಂದು ಬರೆದು ಮುಂದಿನ ವಾರವೇ ಬಂದಿದ್ದಾರೆ. ಓದಿ ಮುಗಿದ ಮೇಲೆ ಬಂಡೆಯ ತುದಿಯಲ್ಲಿ ನಿಂತು "ಉಸ್ಸಪ್ಪಾ" ಎಂದು ಕೂಗುತ್ತೇನೆ. ನಾವಿಬ್ಬರೂ ಕೂಗಿದಾಗ ಎದುರಿನ ಗುಡ್ಡ ತಿರುಗಿ ಹೇಳುತ್ತಿತ್ತು. ನಾನೊಬ್ಬನೇ ಕೂಗಿದರೆ ಲಕ್ಷ್ಯಕ್ಕೇ ತೆಗೆದುಕೊಳ್ಳುವುದಿಲ್ಲ. ಈಗಂತೂ ಮಂಜಿನ ಕಾಲ, ತಿಂಗಳು ಮುಗಿಯುವ ತನಕ ಮೇಲೆ ಯಾರೂ ಬರುವುದಿಲ್ಲ. ನೂರನೆಯ ಗೆರೆ ಖಾಲಿಯಿದೆ. ನೀನು ಬಂದು ಒಂದು ಸಹಿ ಗೀಚಿದರೆ ದಾರಿ ಉಳಿಯುತ್ತದೆ. ಒಂದೇ ದಿನ ರಜೆ ಸಾಕು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗಬಹುದು, ನಾನು ತಡೆಯುವುದಿಲ್ಲ.

ನಿನ್ನ ಜೊತೆಗೆಲಸದವರಿಗೆ ನನ್ನ ನಮಸ್ಕಾರ. ಹಿರಿಯಳಿಗೆ ಆಶೀರ್ವಾದ ಮಾಡುವ ಅಧಿಕಾರ ನನಗಿಲ್ಲದ್ದರಿಂದ ಕ್ರೇನಿಗೆ ಮಾಡಿದ್ದೇನೆ: ನಟ್ಟು ಬೋಲ್ಟು ಬಿಗಿಯಾಗಿದ್ದು ನೂರು ಕಾಲ ಬಾಳಲಿ. ಅಪ್ಪನನ್ನು "ಅಕ್ಕನಿಗೆ ಏನಾದ್ರೂ ಬರೀಲಾ?" ಎಂದು ಕೇಳಿದೆ. ಕೈಯ ಎಣ್ಣೆ ಒರೆಸಿಕೊಂಡು "ಸ್ವೆಟರ್ ಹಾಕ್ಕೋ ಅನ್ನು" ಎಂದರು. ಇವತ್ತಿನ ಮೂರನೇ ಮಾತು. ದಾಖಲೆ.

ಇಂತೀ ನಿನ್ನ,
ಕಪಿ

ಮರೆತಿದ್ದೆ: ಅಂಚೆ ಡಬ್ಬದವರೆಗೂ ಹೋಗಿ, ವಾಪಸ್ ಬಂದು, ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಕಚೇರಿಯಿಂದ ಯಾವ ಆಜ್ಞೆಯೂ ಬಂದಿಲ್ಲ. ಮೂರೂ ಕಲಮು ನನ್ನವೇ. ಮೊದಲೆರಡನ್ನು ನಗುತ್ತಾ ಬರೆದೆ, ಮೂರನೆಯದನ್ನು ಬರೆಯುವಾಗ ನಗು ಬರಲಿಲ್ಲ. ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಸಹಿಗಳಿವೆ, ದಾರಿಯನ್ನು ಯಾರೂ ಮುಚ್ಚುವುದಿಲ್ಲ. ಫೋನಿನಲ್ಲಿ ಹೇಳಿದ್ದರೆ ನೀನು ನನ್ನ ದನಿಯಲ್ಲೇ ಸುಳ್ಳನ್ನು ಹಿಡಿದುಬಿಡುತ್ತಿದ್ದೆ. ದಂತವೈದ್ಯರು ನಿಜ, ಆದರೆ ಅವರು ತಮ್ಮದೇ ಸೈಕಲ್ ತರುತ್ತಾರೆ. ನಿನ್ನ ಹಸಿರು ಸೈಕಲ್ಲನ್ನು ಯಾರಿಗೂ ಕೊಟ್ಟಿಲ್ಲ, ಸೀಟು ನಿನ್ನ ಎತ್ತರಕ್ಕೇ ಇದೆ. ಇನ್ನೊಂದು. ಮರ ಕೊಯ್ಯಲು ಮೋಟಾರು ಗರಗಸ ಕೊಟ್ಟು ಇಬ್ಬರು ಆಳುಗಳನ್ನು ಕಳಿಸುತ್ತೇನೆ ಎಂದು ಮೇಲ್ವಿಚಾರಕರು ಅವತ್ತೇ ಹೇಳಿದ್ದರು. ಬೇಡ ಸಾರ್, ಆ ಕಡೆ ಹಿಡಿಯೋಕೆ ನಮ್ಮಕ್ಕ ಬರ್ತಾಳೆ ಎಂದುಬಿಟ್ಟೆ. ಇಷ್ಟೂ ಮಾತಿನಲ್ಲಿ ಅದೊಂದು ಮಾತ್ರ ಸುಳ್ಳೋ ನಿಜವೋ ನನಗಿನ್ನೂ ಗೊತ್ತಿಲ್ಲ.