ಚಂದ್ರಿಯ ಒಂದು ಹನಿ ರಕ್ತ

ಬ್ಯಾಡಗಿ
೧೭ ಫೆಬ್ರುವರಿ ೧೯೯೧

ಪ್ರೀತಿಯ ದೇವಕ್ಕನಿಗೆ,

ನಿನ್ನ ಅಕ್ಬರಬಿಯ ಸಲಾಮು. ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಮೆಣಸಿನಕಾಯಿ ಸುಗ್ಗಿ. ತೊಟ್ಟು ಬಿಡಿಸಿ ಬಿಡಿಸಿ ಬೆರಳು ಉರಿಯುವಾಗ ಪೆನ್ನು ಹಿಡಿಯಲಾಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಚಂದ್ರಿ, ನಿನ್ನ ಮಗಳು ಶೇಖವ್ವ ಸಾಕಿದ ಬೆಕ್ಕು. ಹೋದ ಮಳೆಗಾಲದಲ್ಲಿ ಅವಳನ್ನು ಮಣ್ಣು ಮಾಡಿ ನೀವು ರಾಣೇಬೆನ್ನೂರಿಗೆ ಹೋದಮೇಲೆ ಅದು ನಮ್ಮ ಮನೆಯಲ್ಲೇ ಇದೆಯಲ್ಲ.

ಕಳೆದ ವಾರ ಅದು ತಿನ್ನುವುದನ್ನು ಬಿಟ್ಟಿತು. ಚೀಲಗಳ ಹಿಂದೆ ಮಲಗಿ, ಪಕ್ಕೆ ಎದ್ದು ಬೀಳುವಂತೆ ಉಸಿರಾಡುತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ವಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಮ್ಮವರು, "ಸಾಯೂದನ್ನ ಹೊತಗೊಂಡು ಎಲ್ಲಿಗೆ ಹೋಗ್ತಿ? ಬಿಡು" ಎಂದರು. ನನಗೆ ಬಿಡಲಾಗಲಿಲ್ಲ. ಮುಚ್ಚಳದ ಬುಟ್ಟಿಯಲ್ಲಿಟ್ಟುಕೊಂಡು ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಕದರಮಂಡಲಗಿ ದಾಟುವಾಗ ಬುಟ್ಟಿಯೊಳಗೆ ಕೈಯಿಟ್ಟರೆ ಉಸಿರೇ ತಾಕಲಿಲ್ಲ. ಆಮೇಲೆ ಮೀಸೆ ಸ್ವಲ್ಪ ಅಲುಗಿತು.

ದನದ ದವಾಖಾನೆಯ ಡಾಕ್ಟರು ಫಕ್ಕೀರೇಶ ಬೆಕ್ಕನ್ನು ತಂದದ್ದಕ್ಕೆ ನಗಲಿಲ್ಲ. ಕಿವಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ರಕ್ತದ ಕಣದ ಮ್ಯಾಲ ಚುಕ್ಕಿ ಚುಕ್ಕಿ ಕುಂತಾವ ನೋಡವ್ವಾ. ಚಿಗಟ ಕಡದಾಗ ಹೊಕ್ಕಿರಬೇಕು. ಕಣ ಎಲ್ಲಾ ಒಡದು ರಕ್ತ ನೀರಾಗೇತಿ."

"ಉಳೀತೈತೇನ್ರೀ?"

"ಲಗೂ ತಂದಿದ್ರ ಹೇಳ್ತಿದ್ದೆ. ಗುಳಿಗಿ ಕೊಡ್ತೇನಿ. ಹಾಲಿನಾಗ ಹಾಕಬ್ಯಾಡ್ರಿ, ಔಷಧ ಹತ್ತೂದಿಲ್ಲ."

ಊರಿಗೆ ಬಂದು ನೋಡಿದರೆ ಅದಕ್ಕೆ ಗುಳಿಗೆ ನುಂಗುವಷ್ಟೂ ತ್ರಾಣವಿರಲಿಲ್ಲ. ಬಿಡು ಎಂದಿದ್ದ ನಮ್ಮವರೇ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದರು, ನಾನು ಗುಳಿಗೆ ಅರೆದು ನೀರಿನಲ್ಲಿ ಕಲೆಸಿ ಹನಿಹನಿಯಾಗಿ ಬಿಟ್ಟೆ. ಮೈಯ ಚಿಗಟವನ್ನೆಲ್ಲ ಬಾಚಿ ತೆಗೆದೆ. ಎರಡು ಸಲ ಹೋಗಿಯೇ ಬಿಟ್ಟಿತೆಂದುಕೊಂಡೆವು. ನಿನ್ನೆ ಮಾಂಸದ ರಸ ನೆಕ್ಕಿತು. ಇವತ್ತು ವಸಡಿನಲ್ಲಿ ತುಸು ಕೆಂಪು ಕಾಣುತ್ತಿದೆ. ಪೂರ್ತಿ ಗುಣವಾಯಿತೆಂದು ಹೇಳಲಾರೆ. ಮರುಕಳಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಮನೆಯವರಿಗೆ ನಮ್ಮ ಸಲಾಮು ಹೇಳು. ಅಲ್ಲಾಹ್ ನಿನ್ನ ಕಣ್ಣಿಗೆ ನಿದ್ದೆ ಕೊಡಲಿ, ಅಕ್ಕ.

ನಿನ್ನ ತಂಗಿಯಂಥವಳು,
ಅಕ್ಬರಬಿ

ತಾ.ಕ.: ಅವತ್ತು ದವಾಖಾನೆಯಿಂದ ನೇರ ನಿನ್ನ ಮನೆಗೇ ಬಂದಿದ್ದೆ. ಒಳಗೆ ರೇಡಿಯೊ ಹಾಡುತ್ತಿತ್ತು. "ದೇವಕ್ಕಾ" ಎಂದು ಕೂಗಿ ಕದ ಬಡಿದೆ. ಬುಟ್ಟಿಯಲ್ಲಿ ಚಂದ್ರಿಯೂ ಕೂಗಿತು. ರೇಡಿಯೊ ನಿಂತಿತು, ಕದ ತೆರೆಯಲಿಲ್ಲ. ನನಗೆ ಸಿಟ್ಟಿಲ್ಲ. ಮಣ್ಣಿನ ದಿನ ನಮ್ಮ ಓಣಿಯ ದುರಗವ್ವ ಎಲ್ಲರ ಮುಂದೆ, "ಬೆಕ್ಕಿನ ಜಡ್ಡ ಹುಡುಗಿಗೆ ತಗಲ್ತು. ಹಾಸಿಗ್ಯಾಗ ಹಾಕ್ಕೊಂಡು ಮಲಗಾಕ ತಾಯೀನೇ ಬಿಟ್ಲು" ಎಂದದ್ದು ನಿನ್ನ ಕಿವಿಗೆ ಬಿದ್ದದ್ದನ್ನು ನಾನು ನೋಡಿದ್ದೆ. ಅದಕ್ಕೇ ಡಾಕ್ಟರನ್ನು ಕೇಳಿದೆ. "ಆ ಹುಡುಗಿಗೆ ಆಗಿದ್ದು ಮಲೇರಿಯಾ ಅಂತೀರಿ. ಅದು ಸೊಳ್ಳಿಂದ ಬರತೈತಿ, ಬೆಕ್ಕಿಂದ ಅಲ್ಲವ್ವಾ" ಎಂದರು. ಇದನ್ನು ಹೇಳಲೆಂದೇ ಕದ ಬಡಿದದ್ದು. ನೀನು ತಪ್ಪು ಮಾಡಿಲ್ಲ, ಅಕ್ಕ. ಆ ಚಳಿಜ್ವರದಲ್ಲಿ ಶೇಖವ್ವನಿಗೆ ಬೆಚ್ಚಗೆನಿಸಿದ್ದು ಆ ಬೆಕ್ಕೊಂದೇ.